ಸಂಕ್ರಾಂತಿಯವರೆಗೆ ಹಣ್ಣು ಹಿಡಿದಿಡುವ ಮರ

ಮನೆಯಂಗಳಕ್ಕೆ ಗಿಡಮರ ಆರಿಸಿಕೊಡುವುದು ನನ್ನ ಕಸುಬು. ನ್ಯೂಜೆರ್ಸಿಯಲ್ಲಿ ಮನೆ ಕೊಂಡವರು ಕೇಳುವುದು ಹೆಚ್ಚುಕಡಿಮೆ ಒಂದೇ. ಪಕ್ಕದ ಮನೆಯ ಹಿತ್ತಿಲ ಜಗಲಿ, ಅಂದರೆ ಡೆಕ್, ಕಾಣಬಾರದು, ಜಿಂಕೆ ತಿನ್ನಬಾರದು, ಎಲೆ ಉದುರಬಾರದು. ಮೂರನೆಯದನ್ನು ಕೇಳುವವರಿಗೆ ಪ್ಲಾಸ್ಟಿಕ್ ಮರ ತಂದುಕೊಡಲೇ ಎಂಬ ಮಾತು ನಾಲಿಗೆಯ ತುದಿಯವರೆಗೂ ಬರುತ್ತದೆ, ನುಂಗಿಕೊಳ್ಳುತ್ತೇನೆ. ಆದರೆ ಫೆಬ್ರವರಿಯ ಒಂದು ಶನಿವಾರ ಹಿಲ್ಸ್‌ಬರೋದ ಮನೆಯೊಂದರ ಯಜಮಾನತಿ ನನ್ನನ್ನು ಕೂರಿಸಿ, ಕಾಫಿ ಕೊಟ್ಟು ಕೇಳಿದ್ದು ಬೇರೆಯೇ.

"ಜನವರಿ ಮಧ್ಯದಲ್ಲಿ ಮರದಲ್ಲಿ ಹಣ್ಣಿರ್ಬೇಕು. ಸಣ್ಣ ಹಣ್ಣು. ಮಗು ತಲೆ ಮೇಲೆ ಸುರಿದ್ರೆ ನೋಯಬಾರ್ದು."

ನಾನು ಪೆನ್ನು ಕೆಳಗಿಟ್ಟೆ. "ತಲೆ ಮೇಲೆ ಎಂತಕ್ಕೆ ಸುರಿಯುದು?"

ನಾನು ಮಂಗಳೂರಿನ ಕ್ಯಾಥೊಲಿಕ್ ಮನೆಯವಳು. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಮೊದಲು ತಿಂದದ್ದೇ ಅಮೆರಿಕಕ್ಕೆ ಬಂದ ಮೇಲೆ. ಹಣ್ಣೆರೆಯುವುದು ನನಗೆ ಗೊತ್ತೇ ಇರಲಿಲ್ಲ. ಆಕೆ ಮೈಸೂರಿನವರು, ತಾಳ್ಮೆಯಿಂದ ಹೇಳಿದರು. ಮಗುವಿಗೆ ಐದು ತುಂಬುವವರೆಗೆ ಪ್ರತಿ ಸಂಕ್ರಾಂತಿಯ ಸಂಜೆ ಹೊಸ ಬಟ್ಟೆ ಹಾಕಿ, ಮಣೆಯ ಮೇಲೆ ಕೂರಿಸಿ, ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು, ಹೂವಿನ ಎಸಳು ಎಲ್ಲ ಬೆರೆಸಿ ಮುತ್ತೈದೆಯರು ತಲೆಯ ಮೇಲೆ ಎರೆಯುತ್ತಾರೆ. ಬಿದ್ದದ್ದನ್ನು ಸುತ್ತ ನಿಂತ ಮಕ್ಕಳು ಆರಿಸಿಕೊಳ್ಳುತ್ತಾರೆ. ಮಗುವಿನ ಮೇಲಿನ ದೃಷ್ಟಿ ಹೋಗಲಿ ಎಂದು.

"ಇವಳ ಮೊದಲ್ನೇ ಸಂಕ್ರಾಂತಿಗೆ ಆಸ್ಪತ್ರೇಲಿದ್ವಿ. ಎರಡನೇದಕ್ಕೆ ಜ್ವರ. ಆಮೇಲೆ ಎರಡು ವರ್ಷ ಅಂಗಡಿ ಕ್ರ್ಯಾನ್‌ಬೆರಿ ಎರೆದೆ. ರಬ್ಬರ್ ಬಾಲ್ ಥರ ಪುಟಿಯುತ್ತೆ ಅದು. ಮುಂದಿನ ಸಂಕ್ರಾಂತಿನೇ ಕೊನೇದು. I don't even believe in drishti. ಆದ್ರೂ ಒಂದ್ಸಲ ಸರಿಯಾಗಿ ಆಗ್ಬೇಕು ನಂಗೆ. ನಮ್ಮ ಮರದ್ದೇ ಹಣ್ಣು, ನನ್ನ ಕೈಯಲ್ಲೇ ಕಿತ್ತು."

ಮಗಳು ಮೆಟ್ಟಿಲಿನ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "Can it be a tree with candy?" ಎಂದಳು. ಅದಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ಮನೆಯ ಮುಂದೆ ಜಾಗವೇನೋ ಖಾಲಿಯಿತ್ತು. ಅಲ್ಲಿದ್ದ, ಹೂವಿಗಷ್ಟೇ ನೆಡುವ ಜಾತಿಯ ಹಳೆಯ ಪೇರ್ ಮರ ಗಾಳಿಗೆ ಎರಡು ಸೀಳಾಗಿ ಬಿದ್ದಿತ್ತು. ಬೇರೆ ಯಾರಾದರೂ ಆಗಿದ್ದರೆ ನಾನು ಹೂಬಿಡುವ ಚೆರ್ರಿಯೊಂದನ್ನು ಹೇಳಿ ಮುಗಿಸುತ್ತಿದ್ದೆ. ಆದರೆ ಈ ಪ್ರಶ್ನೆ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತು. ಹಿಮ ಬೀಳುವ ಊರಿನಲ್ಲಿ ಜನವರಿಯ ಮಧ್ಯದವರೆಗೆ ಹಣ್ಣನ್ನು ಕೊಂಬೆಯಲ್ಲೇ ಹಿಡಿದಿಡುವ, ಮಗು ಬಾಯಿಗೆ ಹಾಕಿಕೊಂಡರೂ ಅಪಾಯವಿಲ್ಲದ, ಇಪ್ಪತ್ತಡಿ ಅಂಗಳಕ್ಕೆ ಹೊಂದುವ ಮರ ಯಾವುದು?

ಎಲಚಿ ಇಲ್ಲಿನ ಚಳಿಗೆ ಬದುಕುವುದಿಲ್ಲ. ಅದರ ಚೀನೀ ನೆಂಟ ಬದುಕುತ್ತದೆ, ಆದರೆ ಅದರ ಹಣ್ಣು ಚಳಿಗಾಲ ಬರುವ ಮೊದಲೇ ಮುಗಿದಿರುತ್ತದೆ. ವಿಂಟರ್‌ಬೆರಿ ಪೊದೆ ಹಿಮದಲ್ಲಿ ಕೆಂಪಗೆ ಉರಿಯುತ್ತದೆ ನಿಜ, ಆದರೆ ತಿಂದರೆ ಹೊಟ್ಟೆ ಕೆಡುತ್ತದೆ. ಕ್ರ್ಯಾಬ್‌ಆ್ಯಪಲ್ ಎಂಬ ಪುಟ್ಟ ಸೇಬನ್ನು ತಿನ್ನಬಹುದು. ಆದರೆ ಎರಡು ಸಲ ಹೆಪ್ಪುಗಟ್ಟಿ ಕರಗಿದರೆ ಹಲವು ಜಾತಿಗಳ ಹಣ್ಣು ಕಂದು ಮುದ್ದೆಯಾಗುತ್ತದೆ. ಅದನ್ನು ಹೊಸ ಲಂಗದ ಮೇಲೆ ಸುರಿದರೆ ನನ್ನನ್ನು ಮತ್ತೆ ಆ ಮನೆಗೆ ಸೇರಿಸುವುದಿಲ್ಲ. ಕೊನೆಗೆ ಉಳಿದದ್ದು ಹಾಥಾರ್ನ್.

ಹಾಥಾರ್ನ್ ಸೇಬಿನ ಬಳಗದ ಮುಳ್ಳುಮರ. ಮೇ ತಿಂಗಳಲ್ಲಿ ಬಿಳಿ ಹೂಗೊಂಚಲು, ಶರತ್ಕಾಲದಲ್ಲಿ ಬಟಾಣಿಯಿಂದ ಸಣ್ಣ ಗೋಲಿಯವರೆಗಿನ ಗಾತ್ರದ ಕೆಂಪು ಹಣ್ಣು. ತಿರುಳು ತಿನ್ನಬಹುದು, ಬೀಜ ಮಾತ್ರ ಅಗಿಯಬಾರದು. ಜಾತಿಗಳೋ ಲೆಕ್ಕವಿಲ್ಲದಷ್ಟು. ಇಂಗ್ಲಿಷ್ ಹಾಥಾರ್ನ್‌ನ ಹೂ ಬಲು ಚೆಂದ, ಆದರೆ ನಮ್ಮ ಬೇಸಿಗೆಯ ಸೆಕೆಗೆ ಎಲೆಗೆ ಚುಕ್ಕೆ ರೋಗ ಬಂದು ಆಗಸ್ಟಿನಲ್ಲೇ ಬೋಳಾಗುತ್ತದೆ. ಮುಳ್ಳಿಲ್ಲದ ಕಾಕ್‌ಸ್ಪರ್ ಮಕ್ಕಳಿರುವ ಮನೆಗೆ ಹೇಳಿ ಮಾಡಿಸಿದ್ದು, ಆದರೆ ಅದರ ಹಣ್ಣು ಚಳಿಗಾಲ ಕಾಲಿಡುವ ಹೊತ್ತಿಗೆ ಸುಮಾರಾಗಿ ನೆಲ ಸೇರಿರುತ್ತದೆ. ವಾಷಿಂಗ್ಟನ್ ಹಾಥಾರ್ನ್ ಹಣ್ಣನ್ನು ಬಹಳ ದಿನ ಉದುರಿಸದೆ ಹಿಡಿದಿಡುತ್ತದೆ, ಆದರೆ ಅದರ ಮುಳ್ಳು ಬೆರಳುದ್ದ. ಆ ಮುಳ್ಳು ನೋಡಿದಾಗಲೆಲ್ಲ ನನಗೆ ಚರ್ಚಿನ ಗುಡ್ ಫ್ರೈಡೇ, ಯೇಸುವಿನ ಮುಳ್ಳಿನ ಕಿರೀಟ ನೆನಪಾಗುತ್ತದೆ. ನಾಲ್ಕು ವರ್ಷದ ಹುಡುಗಿಯ ಕಣ್ಣೆತ್ತರಕ್ಕೆ ಅದನ್ನು ನೆಡಲು ಮನಸ್ಸಾಗಲಿಲ್ಲ. ಹಾಗಾಗಿ ವಿಂಟರ್ ಕಿಂಗ್ ಎಂಬ ತಳಿಗೆ ಬಂದೆ. ಮುಳ್ಳು ಕಡಿಮೆ, ತೊಗಟೆ ಬೂದು ಬೆಳ್ಳಿಯ ಬಣ್ಣ, ಹಣ್ಣು ಸ್ವಲ್ಪ ದೊಡ್ಡದು, ಹಕ್ಕಿಗಳು ತಿನ್ನದೆ ಬಿಟ್ಟರೆ ಜನವರಿ ದಾಟುತ್ತದೆ.

ಒಂದೇ ತೊಡಕು. ಪಕ್ಕದ ಮನೆಯವರ ಬೇಲಿಯುದ್ದಕ್ಕೂ ರೆಡ್ ಸೀಡರ್ ಎಂಬ ಸೂಜಿಯೆಲೆಯ ಮರಗಳು ಸಾಲಾಗಿ ನಿಂತಿದ್ದವು. ಹಾಥಾರ್ನ್‌ಗೆ ಬರುವ ತುಕ್ಕುರೋಗದ ಬೂಷ್ಟು ಅರ್ಧ ಆಯುಷ್ಯವನ್ನು ಸೀಡರ್‌ನಲ್ಲಿ ಕಳೆದು, ವಸಂತದ ಮಳೆಯಲ್ಲಿ ಹಾರಿ ಬಂದು ಹಾಥಾರ್ನ್‌ನಲ್ಲಿ ಉಳಿದರ್ಧ ಕಳೆಯುತ್ತದೆ. ವಿಂಟರ್ ಕಿಂಗ್‌ನ ಎಲೆ ಹೇಗೋ ತಡೆದುಕೊಳ್ಳುತ್ತದೆ, ಕಾಯಿಗೆ ಮಾತ್ರ ಅದು ಬಿಡದೆ ಅಂಟುತ್ತದೆ. ಇದನ್ನು ಆಕೆಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಮುಂದಿನ ವರ್ಷಗಳಲ್ಲಿ ಇಲ್ಲಿ ಶುದ್ಧವಾದ ಹಣ್ಣು ಸಿಗುತ್ತದೆಂದು ನಾನು ಮಾತು ಕೊಡಲಾರೆ. ಸೀಡರ್ ಇಲ್ಲದ ಕಡೆ ಬೆಳೆದು, ಅಲ್ಲೇ ಕಾಯಿ ಕಟ್ಟಿದ ಮರವನ್ನು ಹಣ್ಣಿನ ಸಮೇತ ಅಕ್ಟೋಬರಿನಲ್ಲಿ ತಂದು ನೆಟ್ಟರೆ ಈ ಸಂಕ್ರಾಂತಿಗೆ ದಾರಿಯುಂಟು.

"ಏಪ್ರಿಲ್‌ನಲ್ಲೇ ನೆಟ್ಬಿಟ್ರೆ ಆಗಲ್ವಾ?"

"ಸೀಡರಿನ ಬೂಷ್ಟು ಹಾರುದೂ ಆಗಲೇ. ಮತ್ತೆ ಜಾಗ ಬದಲಾದ ಮರ ಮೊದಲು ಬೇರು ನೋಡಿಕೊಳ್ತದೆ. ಹೂ, ಕಾಯಿ ಎಲ್ಲ ಉದುರಿಸಿ ಬಿಡ್ತದೆ," ಎಂದೆ.

ಸಾಮಾನ್ಯವಾಗಿ ಹಾಥಾರ್ನ್ ಜಾತಿಯನ್ನು ಶರತ್ಕಾಲದಲ್ಲಿ ನೆಲದಿಂದ ಅಗೆದು ತರುವುದು ಕೆಟ್ಟ ಯೋಚನೆ, ಎಷ್ಟೋ ಮರ ಏಳುವುದೇ ಇಲ್ಲ. ಅದಕ್ಕೆ ದೊಡ್ಡ ಕುಂಡದಲ್ಲೇ ಬೆಳೆದದ್ದನ್ನು ಹುಡುಕಿದೆ. ಬೇರೆಲ್ಲ ಕುಂಡದೊಳಗೇ ಇರುವುದರಿಂದ ಅದಕ್ಕೆ ಜಾಗ ಬದಲಾದದ್ದು ಅಷ್ಟಾಗಿ ತಿಳಿಯುವುದಿಲ್ಲ. ಪೆನ್ಸಿಲ್ವೇನಿಯ ಗಡಿಯ ಹತ್ತಿರದ ನರ್ಸರಿಯೊಂದರಲ್ಲಿ ಅಂಥವು ಮೂರು ಸಿಕ್ಕವು.

ಮೇ ತಿಂಗಳಲ್ಲಿ ತಾಯಿಮಗಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಮೂರೂ ಮರ ಬೆಳ್ಳಗೆ ಹೂ ಬಿಟ್ಟು ನಿಂತಿದ್ದವು. ಹತ್ತಿರ ಹೋದೊಡನೆ ಹುಡುಗಿ ಮೂಗು ಹಿಡಿದುಕೊಂಡಳು. "Eww, it smells like fish!" ನನಗೆ ಊರಿನ ಬಂದರು ನೆನಪಾಗಿ ಖುಷಿಯಾಯಿತು. ಅದು ಶುದ್ಧ ಸಸ್ಯಾಹಾರಿ ಮನೆ. ತಾಯಿ ಒಂದು ಕ್ಷಣ ನನ್ನನ್ನೇ ನೋಡಿದರು.

"ವಾರ ಹತ್ತು ದಿನ ಅಷ್ಟೇ," ಎಂದೆ.

"ಹಳೇ ಪೇರ್ ಮರವೂ ಹೀಗೇ ನಾರ್ತಿತ್ತು ಬಿಡಿ. At least ಇದು ಹಣ್ಣು ಕೊಡುತ್ತಲ್ಲ," ಎಂದು ನಕ್ಕರು.

ಜೂನ್ ಕೊನೆಗೆ ನಾನೊಬ್ಬಳೇ ಹೋಗಿ ಕಾಯಿ ಪರೀಕ್ಷೆ ಮಾಡಿದೆ. ಒಂದು ಮರದ ಕಾಯಿಗಳ ಮೇಲೆ ಕಿತ್ತಳೆ ಬಣ್ಣದ ಸಣ್ಣ ಮುಳ್ಳುಗಳೆದ್ದಿದ್ದವು. ತುಕ್ಕುರೋಗ. ಕೈಯಲ್ಲಿ ಉಜ್ಜಿದರೆ ಬೆರಳಿಗೆ ಅರಿಸಿನ ಮೆತ್ತಿದ ಹಾಗೆ ಪುಡಿ. ಎಲ್ಲೋ ಒಂದು ಸೀಡರ್ ಈ ನರ್ಸರಿಗೂ ಗಾಳಿಯಲ್ಲಿ ಕೈ ಚಾಚಿತ್ತು. ಇನ್ನೊಂದರ ಕಾಂಡ ವಾಲಿತ್ತು. ಮೂರನೆಯದು ನೆಟ್ಟಗೆ ನಿಂತು, ಕಾಯಿ ಹಸಿರಾಗಿ, ಹೊಳಪಾಗಿತ್ತು. ಅದಕ್ಕೆ ಹಳದಿ ಪಟ್ಟಿ ಕಟ್ಟಿಸಿ, ಔಷಧಿ ಹೊಡೆಯಬೇಡಿ, ಮಗುವಿನ ಬಾಯಿಗೆ ಹೋಗುವ ಹಣ್ಣು ಎಂದು ನರ್ಸರಿಯವನಿಗೆ ಹೇಳಿದೆ. ಜ್ಯಾಮ್ ಮಾಡುತ್ತೀರಾ ಎಂದು ಕೇಳಿದ. ಇಲ್ಲ, ಮಗುವಿನ ತಲೆಗೆ ಎರೆಯುತ್ತೇವೆ ಎಂದೆ. ಇಂಡಿಯನ್ನರ ಬಗ್ಗೆ ಅವನು ಆಮೇಲೆ ಏನಂದುಕೊಂಡನೋ ಗೊತ್ತಿಲ್ಲ.

ಅಕ್ಟೋಬರಿನಲ್ಲಿ ನೆಲದೊಳಗಿನ ಗ್ಯಾಸು, ಕರೆಂಟಿನ ಲೈನು ಎಲ್ಲಿದೆಯೆಂದು ಗುರುತು ಹಾಕಿಸಿ ಗುಂಡಿ ತೋಡಿಸಿದೆವು. ಹಿಲ್ಸ್‌ಬರೋದ ಮಣ್ಣು ಕೆಂಪು ಜೇಡಿ, ಕೆಳಗೆ ಒಡೆದ ಕಲ್ಲು. ನೀರು ಬಲು ಸೋಮಾರಿಯಾಗಿ ಇಳಿಯುತ್ತದೆ. ಅದಕ್ಕೆ ಗುಂಡಿ ಅಗಲವಾಗಿರಬೇಕು, ಆಳವಾಗಿರಬಾರದು, ಬೇರಿನ ಬುಡ ನೆಲಕ್ಕಿಂತ ಎರಡು ಬೆರಳು ಮೇಲೆ ನಿಲ್ಲಬೇಕು. ಮರ ಲಾರಿಯಿಂದ ಇಳಿದಾಗ ಹಣ್ಣು ಕೆಂಪಗೆ ತುಂಬಿಕೊಂಡಿತ್ತು. ಹುಡುಗಿ ಕುಣಿದಳು. ತಂದೆ ಅಂದು ಪಾರ್ಸಿಪನಿಯ ಆಫೀಸಿಗೆ ಡ್ರೈವ್ ಮಾಡದೆ ಮನೆಯಲ್ಲೇ ಇದ್ದರು, ಕಿವಿಗೆ ಮೀಟಿಂಗ್ ಸಿಕ್ಕಿಸಿಕೊಂಡೇ ಬಂದು ಫೋಟೋ ತೆಗೆದರು.

ನನ್ನ ಕೆಲಸದವರಿಬ್ಬರು ಕುಂಡವನ್ನು ಎಳೆದು ತೆಗೆದರು. ನಾನು ಬಗ್ಗಿ ನೋಡಿದೆ.

ಬೇರು ಕುಂಡದ ಆಕಾರಕ್ಕೇ ಸುತ್ತಿಕೊಂಡು ಬೆಳೆದಿತ್ತು. ಹೊರಗಿನ ಸಣ್ಣ ಬೇರಿನ ಬಲೆಯನ್ನು ಕುಂಡದ ಮರದಲ್ಲಿ ನಾನು ನಿರೀಕ್ಷಿಸಿಯೇ ಇದ್ದೆ. ಆದರೆ ಮೇಲಿನ ಮಣ್ಣು ಕೆರೆದಾಗ ಹೆಬ್ಬೆರಳು ಗಾತ್ರದ ಒಂದು ಬೇರು ಕಾಂಡದ ಬುಡವನ್ನೇ ಸುತ್ತು ಹಾಕಿ ಕೂತಿತ್ತು. ತೊಗಟೆ ಅಲ್ಲಿ ಆಗಲೇ ತಗ್ಗಾಗಿತ್ತು. ನೆಡುವ ಮೊದಲು ಅದನ್ನು ಕಡಿಯಬೇಕು, ಸುತ್ತಲಿನ ಬಲೆಯನ್ನೂ ಗರಗಸದಲ್ಲಿ ಒಂದು ಅಂಗುಲ ಸವರಬೇಕು. ಹಾಗೆ ಮಾಡಿದರೆ ಕುಂಡದ ಮರ ತಂದ ಉಪಾಯವೇ ನೀರಲ್ಲಿ ಹೋಮ. ಬೇರು ಹೋದ ಮರ ಹಣ್ಣನ್ನು ಹಿಡಿದುಕೊಳ್ಳುತ್ತದೆಂದು ಹೇಳುವಂತಿಲ್ಲ.

ದಂಪತಿಯನ್ನು ಕರೆದು ತೋರಿಸಿದೆ. "ಹೀಗೇ ನೆಟ್ರೆ ಸಂಕ್ರಾಂತಿಗೆ ಹಣ್ಣು ಉಂಟು, ಬಹುಶಃ. ಆದ್ರೆ ಕೆಲವು ವರ್ಷದಲ್ಲಿ ಈ ಬೇರು ದಪ್ಪ ಆಗಿ ಮರದ ಕತ್ತು ಹಿಸುಕ್ತದೆ. ಕಡಿದ್ರೆ ಮರ ಉಳೀತದೆ. ಹಣ್ಣಿಗೆ ನಾನು ಗ್ಯಾರಂಟಿ ಕೊಡುದಿಲ್ಲ."

"Can't we do this in spring?" ಗಂಡ ಕೇಳಿದರು. "ಸಂಕ್ರಾಂತಿ ಆದ್ಮೇಲೆ ತೆಗೆದ್ರಾಯ್ತಲ್ಲ."

"ಮಾಡಬಹುದು. ಆದ್ರೆ ಅಷ್ಟರಲ್ಲಿ ಹಿಡಿದ ಹೊಸ ಬೇರನ್ನೆಲ್ಲ ಕಿತ್ತು ಮತ್ತೆ ಅಗೀಬೇಕು. ಮತ್ತೆ ನಿಜ ಹೇಳ್ತೇನೆ, ಆಮೇಲೆ ಮಾಡುವ ಅಂದದ್ದನ್ನು ಯಾವ ಮನೆಯಲ್ಲೂ ಮಾಡಿದ್ದು ನಾನು ನೋಡಲಿಲ್ಲ."

ಆಕೆ ಹತ್ತಿರ ಬಂದರು. ಮಣ್ಣಿನಲ್ಲಿ ಮೊಣಕಾಲೂರಿ ಕೂತು, ಆ ಬೇರು ತೊಗಟೆಯನ್ನು ಒತ್ತಿದ್ದ ಜಾಗದಲ್ಲಿ ಬೆರಳಿಟ್ಟು ಸುತ್ತ ಎಳೆದುಕೊಂಡು ಬಂದರು. ಮಗಳು ಲಾರಿಯ ಹತ್ತಿರ ಕೆಲಸದವರಿಗೆ ತನ್ನ ಶೂ ತೋರಿಸುತ್ತಿದ್ದಳು.

"ಇವಳು ಹುಟ್ಟುವಾಗ ಹೊಕ್ಕುಳಬಳ್ಳಿ ಕತ್ತಿಗೆ ಸುತ್ಕೊಂಡಿತ್ತು," ಎಂದರು. "ಎರಡು ಸುತ್ತು. ಹಾರ್ಟ್‌ಬೀಟ್ ಹೋಗ್ತಾ ಇತ್ತು. ಡಾಕ್ಟರ್ ನನ್ನನ್ನ ಏನೂ ಕೇಳ್ಲಿಲ್ಲ. They just cut." ಗಂಡ ಕಿವಿಯಿಂದ ಮೀಟಿಂಗ್ ತೆಗೆದು ಜೇಬಿಗೆ ಹಾಕಿದರು. ಆಕೆ ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡರು. "ನೀವೂ ಕೇಳ್ಬೇಡಿ. ಕಟ್ ಮಾಡಿ."

ಉಳಿ ಮತ್ತು ಸುತ್ತಿಗೆಯಲ್ಲಿ ಆ ಬೇರನ್ನು ಎರಡು ಕಡೆ ಕಡಿದು, ಕಾಂಡಕ್ಕೆ ನೋವಾಗದ ಹಾಗೆ ಎಬ್ಬಿಸಿ ತೆಗೆದೆ. ಗರಗಸದಲ್ಲಿ ನಾಲ್ಕೂ ಕಡೆ ಸವರಿದೆ. ಆ ಕೆಲಸವನ್ನು ಯಾರ ಕೈಗೂ ಕೊಡಲು ಮನಸ್ಸಾಗಲಿಲ್ಲ. ನೆಟ್ಟು, ನೀರುಣಿಸಿ, ತೇವ ಆರದಿರಲೆಂದು ಬುಡದಿಂದ ಒಂದು ಗೇಣು ಬಿಟ್ಟು ಮರದ ಚಕ್ಕೆ ಹರಡಿ ಹೊರಟಾಗ ಹಣ್ಣು ಹಾಗೇ ಕೆಂಪಗಿತ್ತು. ಮರ ತನಗಾದದ್ದನ್ನು ಮೇಲೆ ತಿಳಿಸಲು ಸ್ವಲ್ಪ ಕಾಲ ತೆಗೆದುಕೊಳ್ಳುತ್ತದೆ.

ನವೆಂಬರಿನಲ್ಲಿ ಫೋನ್ ಬಂತು. "ಹಣ್ಣು ಸುಕ್ಕಾಗ್ತಿದೆ. ದಿನಾ ಒಂದಷ್ಟು ಬೀಳ್ತಿದೆ." ಬೇರು ಕಡಿದದ್ದರ ಫಲ ಇದೇ ಎಂದುಕೊಂಡು ಹೋದರೆ, ಅಲ್ಲಿ ಬೇರೆಯೇ ನಾಟಕ ನಡೆದಿತ್ತು. ಮೊಮ್ಮಗಳ ಕೊನೆಯ ಹಣ್ಣೆರೆಯುವುದನ್ನು ನೋಡಲು ಮಂಡ್ಯದ ಕಡೆಯಿಂದ ಆಕೆಯ ಮಾವನವರು ಬಂದಿದ್ದರು. ಬಂದವರು ಮರ ನೋಡಿದ್ದಾರೆ, ಮನಸ್ಸು ತಡೆಯಲಿಲ್ಲ. ನಾನು ಹಾಕಿದ ಚಕ್ಕೆಯನ್ನೆಲ್ಲ ಪಕ್ಕಕ್ಕೆ ಸರಿಸಿ, ಮಂಕಿ ಕ್ಯಾಪ್ ಹಾಕಿಕೊಂಡು, ಬುಡದ ಸುತ್ತ ತೆಂಗಿಗೆ ಮಾಡುವಂಥ ಸೊಗಸಾದ ಪಾತಿ ಮಾಡಿ, ಬೆಳಿಗ್ಗೆ ಸಂಜೆ ಬಕೆಟ್ ನೀರು ತುಂಬುತ್ತಿದ್ದರು. ಅಮೆರಿಕದವರು ಬುಡಕ್ಕೆ ಚಕ್ಕೆಯ ಗುಡ್ಡ ಏರಿಸಿ ಮರ ಕೊಲ್ಲುತ್ತಾರೆ, ನಮ್ಮವರು ಬುಡದಲ್ಲಿ ಕೆರೆ ಕಟ್ಟಿ ಕೊಲ್ಲುತ್ತಾರೆ. ಪ್ರೀತಿ ಮಾತ್ರ ಎರಡೂ ಕಡೆ ಸಮ.

"ಏನವ್ವಾ, ನಿಮ್ಮೋರು ಗಿಡಕ್ಕೆ ಒಂದು ಪಾತಿನೂ ಮಾಡಿಲ್ಲ. ದಿಬ್ಬದ ಮ್ಯಾಲೆ ಇಟ್ಟು ಹೋಗವ್ರೆ. ನಾನೇ ಸರಿ ಮಾಡ್ದೆ," ಎಂದರು ಹೆಮ್ಮೆಯಿಂದ.

ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಆ ಪಾತಿ ನಿಜಕ್ಕೂ ಎಷ್ಟು ಚೊಕ್ಕವಾಗಿತ್ತೆಂದರೆ ಬೈಯಲು ಬಾಯಿ ಬರಲಿಲ್ಲ. ಬುಡದಿಂದ ಮೂರಡಿ ದೂರದಲ್ಲಿ ಮೊಣಕೈಯಾಳದ ಸಣ್ಣ ಗುಂಡಿ ತೋಡಿದೆ. ನಿಂತು ನೋಡುತ್ತಿದ್ದ ಹಾಗೆ ಅದರ ಗೋಡೆಯಿಂದ ನೀರು ಒಸರಿ ತಳದಲ್ಲಿ ಕೆಂಪಗೆ ನಿಂತಿತು.

ಅವರು ಬಗ್ಗಿ ನೋಡಿದರು, ಬೆರಳಲ್ಲಿ ಮಣ್ಣು ತಿಕ್ಕಿದರು. "ಇದೇನವ್ವ, ಈ ಮಣ್ಣು ನೀರು ಕುಡಿಯಾಕಿಲ್ವಲ್ಲ!"

"ಕುಡಿಯುದಿಲ್ಲ ಅಂಕಲ್. ಬಾಯಲ್ಲೇ ಇಟ್ಟುಕೊಳ್ತದೆ. ಬೇರಿಗೆ ಉಸಿರು ಕಟ್ತದೆ."

ಅವರ ಮುಖ ಸಣ್ಣದಾಯಿತು. "ನಾನು ಒಳ್ಳೇದಕ್ಕೇ ಮಾಡಿದ್ದು ಕಣವ್ವ," ಎಂದರು. ಗೊತ್ತು ಎಂದೆ. ಅವರೇ ಗುದ್ದಲಿ ತೆಗೆದುಕೊಂಡು ಇಳಿಜಾರಿನ ಕಡೆ ಪಾತಿಯನ್ನು ಒಡೆದು ನೀರು ಹರಿಯಲು ದಾರಿ ಮಾಡಿದರು, ನಾನು ಹೇಳಿದ ಹಾಗೆ ಮಣ್ಣನ್ನು ಮತ್ತೆ ದಿಬ್ಬವಾಗಿ ಕೂರಿಸಿದರು. ಹಣ್ಣು ಬಿದ್ದದ್ದು ಬೇರು ಕಡಿದದ್ದಕ್ಕೋ ಪಾತಿಗೋ ನನಗೆ ಇಂದಿಗೂ ತಿಳಿಯದು. ಎರಡೂ ಸೇರಿ ಅರ್ಧ ಮರ ಖಾಲಿಯಾಗಿತ್ತು. ಆದರೆ ಆಮೇಲೆ ಉದುರುವುದು ನಿಂತಿತು.

ಡಿಸೆಂಬರಿನ ಹೊತ್ತಿಗೆ ರಾಬಿನ್ ಹಕ್ಕಿಗಳು ಬರತೊಡಗಿದವು. ಮಾವನವರಿಗೆ ಹೊಸ ಉದ್ಯೋಗ ಸಿಕ್ಕಿತು. ವರಾಂಡದಲ್ಲಿ ಕಂಬಳಿ ಹೊದ್ದು ಕೂತು, ಜೋಳದ ಹೊಲ ಕಾಯುವವರಂತೆ ಸ್ಟೀಲ್ ತಟ್ಟೆ ಬಡಿಯುತ್ತಿದ್ದರು. ಎದುರು ಮನೆಯವರು ಬಂದು ಎಲ್ಲ ಕ್ಷೇಮವೇ ಎಂದು ವಿಚಾರಿಸಿಕೊಂಡು ಹೋದರಂತೆ. ಬಲೆ ಹೊದಿಸೋಣವೇ ಎಂದು ಸೊಸೆ ಕೇಳಿದಾಗ ನಾನು ಒಪ್ಪಲಿಲ್ಲ. ಬಲೆಯಲ್ಲಿ ಹಕ್ಕಿ ಸಿಕ್ಕಿ ಸಾಯುತ್ತದೆ. ಆಗ ಮಾವನವರೇ ಊರಿನಲ್ಲಿ ಸೀಬೆಗೆ ಬಟ್ಟೆ ಕಟ್ಟುವುದನ್ನು ನೆನಪಿಸಿದರು. ಬಟ್ಟೆ ಎಲ್ಲಿಂದ ತರುವುದು ಎಂದು ಯೋಚಿಸುತ್ತಿರುವಾಗ ಸೊಸೆ ಒಳಗೆ ಹೋಗಿ ಗೃಹಪ್ರವೇಶದಲ್ಲಿ ಉಳಿದಿದ್ದ ರಿಟರ್ನ್ ಗಿಫ್ಟ್ ಚೀಲಗಳ ಡಬ್ಬವನ್ನೇ ತಂದರು. ಚಿನ್ನದ ಅಂಚಿನ, ಗಾಳಿಯಾಡುವ, ದಾರ ಎಳೆದರೆ ಬಾಯಿ ಮುಚ್ಚುವ ಸಣ್ಣ ಚೀಲಗಳು. ಗೊಂಚಲಿಗೊಂದರಂತೆ ಕೈಗೆಟುಕಿದಷ್ಟು ಕಟ್ಟಿದೆವು. ನನ್ನ ಕೈಗೆ ಎರಡು ಮುಳ್ಳು ಹೊಕ್ಕವು. ಬೂದು ಕೊಂಬೆಗಳಲ್ಲಿ ಗುಲಾಬಿ, ಹಸಿರು, ನೇರಳೆ ಚೀಲ ತೂಗಾಡುತ್ತಿದ್ದ ಆ ಮರದ ಫೋಟೋವನ್ನು ನನ್ನ ವೆಬ್‌ಸೈಟಿನಲ್ಲಿ ಮಾತ್ರ ಹಾಕಲಿಲ್ಲ.

ಸಂಕ್ರಾಂತಿಗೆ ಎರಡು ದಿನ ಮೊದಲು ಮತ್ತೆ ಫೋನ್. "ಬೇಗ ಬನ್ನಿ. ಏನೋ ಹಕ್ಕಿ ಬಂದಿದೆ. ತುಂಬಾ."

ಹೋಗಿ ನೋಡಿದರೆ ಸೀಡರ್ ವ್ಯಾಕ್ಸ್‌ವಿಂಗ್. ಜುಟ್ಟು, ಕಣ್ಣಿಗೆ ಕಪ್ಪು ಪಟ್ಟಿ, ಬಾಲದ ತುದಿಗೆ ಹಳದಿ ಅದ್ದಿದ ಹಾಗಿರುವ ಹಕ್ಕಿಗಳ ಹಿಂಡು. ಹಿಂಡು ಇಳಿದ ಮರದಲ್ಲಿ ಹಣ್ಣು ಉಳಿಯುವುದಿಲ್ಲ. ಒಂದು ಹಕ್ಕಿ ಹಣ್ಣು ಕಿತ್ತು ಪಕ್ಕದ್ದಕ್ಕೆ ಕೊಡುತ್ತಿತ್ತು, ಅದು ಅದರ ಪಕ್ಕದ್ದಕ್ಕೆ. ಅಳುವುದೋ ನೋಡುವುದೋ ತಿಳಿಯದೆ ನಿಂತೆ. ಮಾವನವರು ತಟ್ಟೆಯನ್ನು ಕೈಯಲ್ಲಿ ಹಿಡಿದಿದ್ದರು, ಬಡಿಯುವುದನ್ನು ಮರೆತಿದ್ದರು.

"ಹೆಂಗೆ ಹಂಚ್ಕೊಂಡು ತಿಂತಾವೆ ನೋಡವ್ವ," ಎಂದರು.

ಸಂಕ್ರಾಂತಿಯ ಸಂಜೆ ನನ್ನನ್ನೂ ಕರೆದಿದ್ದರು. ಹಿಮ ಕಣಕಾಲೆತ್ತರ ಬಿದ್ದಿತ್ತು. ಮರ ಬೋಳು, ಚೀಲಗಳು ಮಾತ್ರ ಇದ್ದವು. ತಾಯಿ ಒಂದೊಂದಾಗಿ ಬಿಚ್ಚಿ ತಂದು ತಟ್ಟೆಗೆ ಸುರಿದರು. ಹಲವು ಬೂಷ್ಟು ಹಿಡಿದಿದ್ದವು, ಕೆಲವು ಒಣಗಿದ್ದವು. ಆರಿಸಿ ಆರಿಸಿ ಉಳಿದದ್ದು ಬೊಗಸೆಗಿಂತ ಕಡಿಮೆ. ಬಂದಿದ್ದ ಗೆಳತಿಯೊಬ್ಬರು ಫ್ರಿಜ್‌ನಲ್ಲಿ ಕ್ರ್ಯಾನ್‌ಬೆರಿ ಇದ್ದರೆ ಸೇರಿಸು ಎಂದರು. "ಬೇಡ," ಎಂದರು ಆಕೆ. "ಇದ್ದಷ್ಟು ಸಾಕು." ಕಬ್ಬಿನ ಚೂರು, ಹೂವಿನ ಎಸಳು, ಡೈಮು, ನಿಕ್ಕಲಿನ ಚಿಲ್ಲರೆ ಕಾಸು ಬೆರೆಸಿ ಸೇರಿಗೆ ಹಾಕಿದರು.

ಹಸಿರು ಲಂಗದ ಹುಡುಗಿ ಮಣೆಯ ಮೇಲೆ ಕಣ್ಣು ಮುಚ್ಚಿ ಕೂತಳು. ತಾಯಿ ಸೇರನ್ನು ತಲೆಯ ಮೇಲೆ ನಿಧಾನ ಬಗ್ಗಿಸಿದರು. ಹಣ್ಣು ಕೂದಲ ಮೇಲೆ, ಹೆಗಲ ಮೇಲೆ ಮೆತ್ತಗೆ ಉರುಳಿ ಮಡಿಲಿಗೆ ಬಿತ್ತು. ಒಂದೂ ಪುಟಿಯಲಿಲ್ಲ. ಹುಡುಗಿ ಕಣ್ಣು ಬಿಟ್ಟಳು.

"That's it?"

ತಾಯಿಯ ಕಣ್ಣು ತುಂಬಿತ್ತು, ಆದರೂ ನಕ್ಕುಬಿಟ್ಟರು. "ಅಷ್ಟೇ ಕಣೇ."

"Again!"

ಆರಿಸಿ ಮತ್ತೆ ಎರೆದರು. ಗೆಳತಿಯರು ಎರೆದರು. ಆಮೇಲೆ ಸೇರು ನನ್ನ ಕೈಗೆ ಬಂತು. ನಾನು ಎರೆಯಬಹುದೋ ಎಂದು ಅನುಮಾನಿಸುತ್ತಿದ್ದೆ. "ಹಣ್ಣು ತಂದೋಳೇ ನೀನು, ಎರಿಯವ್ವ," ಎಂದರು ಮಾವನವರು. ನಾನೂ ಎರೆದೆ.

ಮುಗಿಯಿತೆಂದುಕೊಂಡಾಗ ಹುಡುಗಿ ಮಡಿಲಿನ ಹಣ್ಣನ್ನೆಲ್ಲ ಸೇರಿಗೆ ತುಂಬಿಕೊಂಡು ಬಾಗಿಲ ಕಡೆ ಹೊರಟಳು. "The tree didn't get any. It's just a baby."

ಯಾರೂ ಬೇಡವೆನ್ನಲಿಲ್ಲ. ಲಂಗದ ಮೇಲೆ ಜಾಕೆಟ್, ಬೂಟು ಹಾಕಿಸಿ ಹೊರಗೆ ಬಂದೆವು. ತಾತ ಅವಳನ್ನು ಎತ್ತಿ ಹಿಡಿದರು. ಅವಳು ಎರಡೂ ಕೈಯಲ್ಲಿ ಸೇರನ್ನೆತ್ತಿ ಮರದ ತಲೆಯ ಮೇಲೆ ಎರೆದಳು. ಕೆಂಪು ಹಣ್ಣು ಬರಿಯ ಕೊಂಬೆಗಳ ನಡುವಿನಿಂದ ಹಿಮದ ಮೇಲೆ ಬಿತ್ತು, ಅಲ್ಲಲ್ಲಿ ಕಾಸೂ ಹೊಳೆಯಿತು.

"ಇದಕ್ಕೆ ಇದು ಮೊದಲ್ನೇದು," ಎಂದರು ತಾಯಿ. "ಇನ್ನೂ ನಾಲ್ಕು ಇದೆ. ಪ್ರತಿ ವರ್ಷ ನೀವು ಬರ್ಬೇಕು."

ನನ್ನ ಕರಾರಿನಲ್ಲಿ ಮರಕ್ಕೆ ಕೊಡುವ ವಾರಂಟಿ ಒಂದೇ ವರ್ಷದ್ದು. ನಾನು ಹೂಂ ಎಂದೆ.